ಅಂಪೈರ್ ಕೈಗೂ ಒಂದು ಮೈಕ್ ಕೊಡಿ

ಮಾನ್ಯ ಸಂಪಾದಕರೇ,

2023ರ ಅಕ್ಟೋಬರ್ 28 ನ್ಯೂಜಿಲೆಂಡಿನವರ ಪಾಲಿಗೆ ಒಳ್ಳೆಯ ದಿನ ಆಗಿರಲಿಲ್ಲ. ಹಗಲು ಧರ್ಮಶಾಲಾದಲ್ಲಿ ಆಸ್ಟ್ರೇಲಿಯಾದ 388 ರನ್ ಬೆನ್ನಟ್ಟಿ 383ಕ್ಕೆ ನಿಂತರು, 5 ರನ್ನಿನಿಂದ ಸೋತರು. ಅದೇ ರಾತ್ರಿ ಪ್ಯಾರಿಸ್ ಪಕ್ಕದ ಸ್ಟಾಡ್ ದ ಫ್ರಾನ್ಸ್ ಮೈದಾನದಲ್ಲಿ ರಗ್ಬಿ ವಿಶ್ವಕಪ್ ಫೈನಲ್. ಅಲ್ಲಿ ದಕ್ಷಿಣ ಆಫ್ರಿಕಾದ ಎದುರು 11–12ರಲ್ಲಿ, ಒಂದೇ ಒಂದು ಅಂಕದಿಂದ ಸೋತರು. ಕ್ರಿಕೆಟಿಗೆ ನಿಮ್ಮ ಪತ್ರಿಕೆ ಅರ್ಧ ಪುಟ ಕೊಟ್ಟಿತು. ರಗ್ಬಿಗೆ ಸೋಮವಾರದ ಕ್ರೀಡಾ ಪುಟದ ಮೂಲೆಯಲ್ಲಿ ನಾಲ್ಕು ಸಾಲು ಬಂತು. ಭಾನುವಾರ ಹಾಕಲು ಆಗುತ್ತಿರಲಿಲ್ಲ, ಅದು ನನಗೂ ಗೊತ್ತು. ಮ್ಯಾಚ್ ಮುಗಿಯುವಾಗ ನಮ್ಮಲ್ಲಿ ಬೆಳಗಿನ ಜಾವ ಎರಡು ಗಂಟೆ ದಾಟಿತ್ತು, ನಿಮ್ಮ ಪತ್ರಿಕೆಯ ಕಟ್ಟುಗಳು ಆಗಲೇ ಬಸ್ಸು ಹತ್ತಿರಬೇಕು. ಸೋಮವಾರಕ್ಕೆ ಲಕ್ನೋದಲ್ಲಿ ಇಂಗ್ಲೆಂಡನ್ನು ಭಾರತ 100 ರನ್ನಿನಿಂದ ಸೋಲಿಸಿದ ಸುದ್ದಿ ಬಂದು ಜಾಗ ತಿಂದಿತು. ಇದಕ್ಕೆ ನನ್ನ ತಕರಾರಿಲ್ಲ. ಆದರೆ ಆ ನಾಲ್ಕು ಸಾಲಿನಲ್ಲಿ ಬಾರದ ಒಂದು ವಿಷಯ, ರೆಫ್ರಿಯ ಎದೆಯ ಮೇಲಿನ ಮೈಕ್, ನಮ್ಮ ಉಡುಪಿ, ದಕ್ಷಿಣ ಕನ್ನಡ ಎರಡು ಜಿಲ್ಲೆಗಳ ಕಬಡ್ಡಿ ಪಂದ್ಯಾಟ ನಡೆಸುವವರಿಗೆ ತುಂಬಾ ಬೇಕಾದದ್ದು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಕಬಡ್ಡಿ, ಥ್ರೋಬಾಲ್ ಎರಡಕ್ಕೂ ಅಂಪೈರಿಂಗ್ ಮಾಡಿದ್ದೇನೆ. ಶಾಲಾ ಪಂದ್ಯಾಟಗಳಲ್ಲೂ ಮಾಡಿದ್ದೇನೆ, ಯುವಕ ಮಂಡಲದವರು ಗದ್ದೆಯಲ್ಲಿ ಲೈಟ್ ಕಟ್ಟಿ ನಡೆಸುವ ಹೊನಲು ಬೆಳಕಿನ ಪಂದ್ಯಾಟಗಳಲ್ಲೂ ಮಾಡಿದ್ದೇನೆ. ಹಾಗಾಗಿ ಯಾವ ಆಟ ನೋಡಿದರೂ ನನ್ನ ಕಣ್ಣು ಮೊದಲು ಸೀಟಿ ಇರುವವರ ಮೇಲೇ ಹೋಗುತ್ತದೆ. ರಗ್ಬಿಯ ಹುಚ್ಚು ಹಿಡಿಸಿದ್ದು ಅಳಿಯ. ಕೆಲಸದ ಮೇಲೆ ಹೊರದೇಶದಲ್ಲಿದ್ದಾಗ ಅವನಿಗೆ ಅಂಟಿದ್ದು, ನನಗೂ ಅಂಟಿಸಿದ. ಆ ರಾತ್ರಿ ಚಂದ್ರಗ್ರಹಣ ಬೇರೆ ಇತ್ತು, ನೆನಪಿರಬೇಕು ನಿಮಗೆ. ಒಂದು ಗಂಟೆಗೆ ಹಿಡಿದು ಎರಡೂವರೆಯ ಒಳಗೆ ಬಿಡುವ ಗ್ರಹಣ. ಗ್ರಹಣ ಬಿಟ್ಟು ಸ್ನಾನ ಆಗದೆ ಅತ್ತೆಯವರು ಮಲಗುವುದಿಲ್ಲ. ಅವರು ಮಲಗದೆ ಮನೆಯಲ್ಲಿ ಬೇರೆ ಯಾರೂ ಮಲಗುವ ಹಾಗಿಲ್ಲ. ಮ್ಯಾಚ್ ಶುರುವಾದದ್ದು ನಮ್ಮ ಸಮಯ ಹನ್ನೆರಡೂವರೆಗೆ. ಹೆಚ್ಚು ಕಡಿಮೆ ಗ್ರಹಣವೂ ಮ್ಯಾಚೂ ಒಟ್ಟಿಗೇ ಮುಗಿದವು. ಹೀಗಾಗಿ ಮನೆಯವರೆಲ್ಲ ಕೂತು ರಗ್ಬಿ ನೋಡಿದೆವು. "ಉಂದು ಗೊಬ್ಬಾ, ಲಡಾಯಿಯಾ?" (ಇದು ಆಟವಾ, ಜಗಳವಾ?) ಅಂತ ಅತ್ತೆ ತುಳುವಿನಲ್ಲಿ ಮೊದಲ ಐದು ನಿಮಿಷದಲ್ಲೇ ಕೇಳಿದರು.

ಕೇಳುವುದರಲ್ಲಿ ತಪ್ಪಿಲ್ಲ. ಮೂರನೇ ನಿಮಿಷಕ್ಕೇ ನ್ಯೂಜಿಲೆಂಡಿನ ಶಾನನ್ ಫ್ರಿಜೆಲ್ ಎದುರಾಳಿಯ ಕಾಲಿನ ಮೇಲೆ ಬಿದ್ದ. ಬಾಂಗಿ ಎಂಬೊನಾಂಬಿ ಮಂಡಿ ಹಿಡಿದುಕೊಂಡು ಹೊರಗೆ ಹೋದವನು ಮತ್ತೆ ಬರಲಿಲ್ಲ. ಇವನು ದಕ್ಷಿಣ ಆಫ್ರಿಕಾ ತಂಡದ ಹುಕರ್. ಅಂದರೆ ಜಟಾಪಟಿಯ ನಡುಮಧ್ಯೆ ನಿಲ್ಲುವವನು, ಅಂಚಿನಿಂದ ಚೆಂಡು ಎಸೆಯುವವನು. ಇನ್ನೊಬ್ಬ ಹುಕರ್ ಮಾಲ್ಕಮ್ ಮಾರ್ಕ್ಸ್ ಟೂರ್ನಿಯ ನಡುವೆಯೇ ಗಾಯಗೊಂಡು ಹೊರಗಾಗಿದ್ದ. ಅವನ ಜಾಗಕ್ಕೆ ಹುಕರ್ ಅಲ್ಲದ ಹಾಂಡ್ರೆ ಪೊಲಾರ್ಡ್‌ನನ್ನು ಕರೆಸಿಕೊಂಡಿದ್ದರು, ಚೆಂಡು ಒದೆಯುವುದಕ್ಕೆ. ಈಗ ಹುಕರ್ ಕೆಲಸ 37 ವರ್ಷದ ಡಿಯಾನ್ ಫೂರಿಯ ತಲೆಗೆ ಬಂತು. ಆ ಪೊಲಾರ್ಡೇ ನಾಲ್ಕು ಪೆನಾಲ್ಟಿ ಒದ್ದು ಹನ್ನೆರಡಕ್ಕೆ ಹನ್ನೆರಡು ಅಂಕವನ್ನೂ ತಂದುಕೊಟ್ಟ. ಟೂರ್ನಿಯ ನಡುವೆ ಹೊರಗಿನವನನ್ನು ಯಾಕೆ ಕರೆತಂದಿರಿ ಅಂತ ಕೇಳುವ ನಮ್ಮ ಆಯ್ಕೆ ಸಮಿತಿಗಳಿಗೆ ಇದನ್ನು ಹೇಳಬೇಕು. ಇರಲಿ, ಅದು ಬೇರೆ ಪತ್ರದ ವಿಷಯ.

ನಾನು ಹೇಳಬೇಕಾದ್ದು ಅರ್ಧ ಗಂಟೆ ಆಗುವ ಮೊದಲು ನಡೆದದ್ದರ ಬಗ್ಗೆ. ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್ ಎದುರಾಳಿ ಜೆಸ್ಸಿ ಕ್ರೀಲ್‌ನನ್ನು ಹಿಡಿಯಲು ಹೋದ. ಬಗ್ಗಲಿಲ್ಲ. ಭುಜ ಹೋಗಿ ಕ್ರೀಲ್‌ನ ತಲೆಗೆ ತಾಗಿತು. ರಗ್ಬಿಯಲ್ಲಿ ಹೆಗಲಿನ ಗೆರೆಯಿಂದ ಮೇಲೆ ಹಿಡಿಯುವ ಹಾಗಿಲ್ಲ. ಈಗೀಗ ತಲೆಯ ಪೆಟ್ಟಿನ ವಿಷಯದಲ್ಲಂತೂ ಬಹಳ ಕಟ್ಟುನಿಟ್ಟು. ರೆಫ್ರಿ ವೇಯ್ನ್ ಬಾರ್ನ್ಸ್ ಮೊದಲು ಹಳದಿ ಕಾರ್ಡ್ ಕೊಟ್ಟರು. ಹಳದಿ ಅಂದರೆ ಹತ್ತು ನಿಮಿಷ ಹೊರಗೆ ಕುರ್ಚಿಯಲ್ಲಿ ಕೂರಬೇಕು. ಆ ಹೊತ್ತಿನಲ್ಲಿ ಬೇರೊಬ್ಬ ಅಧಿಕಾರಿ ಕೋಣೆಯಲ್ಲಿ ಕೂತು ಎಲ್ಲ ಕೋನದ ವಿಡಿಯೊ ನೋಡುತ್ತಾರೆ. ಅವರಿಗೆ ಎಂಟು ನಿಮಿಷದ ಗಡುವು. ಅಷ್ಟರಲ್ಲಿ ಆಟ ನಿಲ್ಲುವುದಿಲ್ಲ, ನಡೆಯುತ್ತಲೇ ಇರುತ್ತದೆ. ಅವರು ನೋಡಿ ಹೇಳಿದರು, ಹಳದಿ ಹೋಗಿ ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಕೆಂಪು ಕಾರ್ಡ್ ಬಂದದ್ದು ಅದೇ ಮೊದಲು. ಅದೂ ಕ್ಯಾಪ್ಟನ್‌ಗೆ.

ಈಗ ನಮ್ಮ ಮೈದಾನಗಳನ್ನು ನೆನಪು ಮಾಡಿಕೊಳ್ಳಿ. ಫೈನಲ್, ಅರ್ಧ ಆಟವೂ ಆಗಿಲ್ಲ, ಊರ ತಂಡದ ಕ್ಯಾಪ್ಟನ್ ಔಟ್. ಏನಾಗುತ್ತಿತ್ತು? ಅಂಪೈರ್ ಸುತ್ತ ಹದಿನಾಲ್ಕು ಜನ, ಅವರ ಹಿಂದೆ ಕೋಚ್, ಕೋಚ್ ಹಿಂದೆ ಸಮಿತಿಯವರು. ಅಲ್ಲಿ ಸ್ಯಾಮ್ ಕೇನ್ ಸುಮ್ನೆ ಕುರ್ಚಿಯಲ್ಲಿ ಕೂತಿದ್ದ. ತಂಡದವರು ಹದಿನಾಲ್ಕೇ ಜನರಲ್ಲಿ ಆಟ ಮುಂದುವರಿಸಿದರು. ರೆಫ್ರಿಯ ಹತ್ತಿರ ಮಾತಾಡುವ ಹಕ್ಕು ಕ್ಯಾಪ್ಟನ್ ಒಬ್ಬನಿಗೆ ಮಾತ್ರ. ಬೇರೆಯವರು ಜಾಸ್ತಿ ಮಾತಾಡಿದರೆ ಪೆನಾಲ್ಟಿಯ ಜಾಗವನ್ನು ಹತ್ತು ಮೀಟರ್ ಮುಂದಕ್ಕೆ ತಳ್ಳುತ್ತಾರೆ.

ಎರಡನೇ ಅರ್ಧ ಶುರುವಾಗಿ ಸ್ವಲ್ಪದರಲ್ಲೇ ದಕ್ಷಿಣ ಆಫ್ರಿಕಾದ ಕ್ಯಾಪ್ಟನ್ ಸಿಯಾ ಕೊಲಿಸಿಗೂ ಹಳದಿ ಬಂತು. ಅವನೂ ಆರ್ಡಿ ಸವೆಯ ತಲೆಗೆ ಡಿಕ್ಕಿ ಹೊಡೆದಿದ್ದ. ಮತ್ತೆ ಕೋಣೆಯಲ್ಲಿ ವಿಡಿಯೊ ನೋಡಿದರು. ಅಷ್ಟು ಅಪಾಯಕಾರಿ ಅಲ್ಲ ಅಂತ ತೀರ್ಮಾನ ಆಯಿತು, ಹಳದಿ ಹಳದಿಯಾಗಿಯೇ ಉಳಿಯಿತು. ಅಲ್ಲಿ ಕೆಂಪು, ಇಲ್ಲಿ ಯಾಕೆ ಹಳದಿ ಅಂತ ಅಳಿಯ ಕೂಗಿದ. ಅವನು ನ್ಯೂಜಿಲೆಂಡ್ ಕಡೆ. ಅವನಿಗೆ ಬೇಸರ ಆದದ್ದು ನಿಜ. ಆದರೆ ಯಾವ ನಿಯಮದ ಮೇಲೆ, ಏನು ನೋಡಿ ಹಾಗೆ ಹೇಳಿದರು ಅಂತ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಜಗಳ ಮಾಡಿದ.

ಯಾಕೆ ಗೊತ್ತಿತ್ತು ಅಂದರೆ, ಬಾರ್ನ್ಸ್ ಎದೆಯ ಮೇಲೆ ಮೈಕ್ ಇತ್ತು. ರಗ್ಬಿಯಲ್ಲಿ ರೆಫ್ರಿ ಮಾತಾಡುವುದೆಲ್ಲ ಟಿವಿ ನೋಡುವವರಿಗೆ ಕೇಳುತ್ತದೆ. ಆಟಗಾರನಿಗೆ ಹೇಳುವುದೂ ಕೇಳುತ್ತದೆ, ವಿಡಿಯೊ ಅಧಿಕಾರಿಯ ಜೊತೆ ಮಾತಾಡುವುದೂ ಕೇಳುತ್ತದೆ. ತಲೆಗೆ ತಾಗಿದೆಯಾ, ರಭಸ ಎಷ್ಟಿತ್ತು, ಹಿಡಿಯುವವನು ಬಗ್ಗಿದ್ದನಾ, ಓಡುವವನು ಕೊನೆ ಗಳಿಗೆಯಲ್ಲಿ ಕುಸಿದನಾ ಅಂತ ಒಂದೊಂದಾಗಿ ಬಾಯಿಬಿಟ್ಟು ಹೇಳುತ್ತಾ ತೀರ್ಪಿಗೆ ಬರುತ್ತಾರೆ. ಗಣಿತದ ಟೀಚರ್ ಬೋರ್ಡಿನ ಮೇಲೆ ಹಂತ ಹಂತವಾಗಿ ಲೆಕ್ಕ ಬಿಡಿಸಿದ ಹಾಗೆ. ಉತ್ತರ ತಪ್ಪಾದರೂ ಎಲ್ಲಿ ತಪ್ಪಿತು ಅಂತ ಹಿಂದಿನ ಬೆಂಚಿನವನಿಗೂ ತಿಳಿಯುತ್ತದೆ.

ಉತ್ತರ ತಪ್ಪಾಗುವುದಿಲ್ಲ ಅಂತಲ್ಲ. ಅದೇ ಫೈನಲ್‌ನಲ್ಲಿ ನ್ಯೂಜಿಲೆಂಡಿನ ಆರನ್ ಸ್ಮಿತ್ ಚೆಂಡನ್ನು ಗೆರೆಯಾಚೆ ಊರಿದ. ಐದು ಅಂಕ ಆಗಬೇಕಿತ್ತು. ಅದಕ್ಕೂ ಬಹಳ ಮೊದಲು ಸವೆಯ ಕೈಯಿಂದ ಚೆಂಡು ಮುಂದಕ್ಕೆ ಜಾರಿತ್ತು ಅಂತ ವಿಡಿಯೊ ಅಧಿಕಾರಿ ಹೇಳಿದರು, ಆ ಟ್ರೈ ರದ್ದಾಯಿತು. ಚೆಂಡು ಜಾರಿದ್ದು ಹೌದು. ಆದರೆ ಅಷ್ಟು ಹಿಂದೆ ಹೋಗಿ ನೋಡುವ ಅಧಿಕಾರ ಅವರಿಗಿತ್ತಾ ಅಂತ ನ್ಯೂಜಿಲೆಂಡಿನಲ್ಲಿ ವಾದ ಎದ್ದಿತು. ಇರಲಿ. ಏನು ನೋಡಿದರು, ಯಾಕೆ ರದ್ದು ಮಾಡಿದರು ಎಂಬುದು ಎಲ್ಲರ ಕಿವಿಗೂ ಬಿದ್ದಿದೆ. ಅದಕ್ಕೇ ಅಲ್ವಾ ಇಷ್ಟು ಸರಿಯಾಗಿ ವಾದ ಮಾಡಲು ಆಗುವುದು? ಆಮೇಲೆ ಸ್ವಲ್ಪದರಲ್ಲೇ ಬೋಡನ್ ಬ್ಯಾರೆಟ್ ಟ್ರೈ ಹೊಡೆದ. ವಿಶ್ವಕಪ್ ಫೈನಲ್‌ಗಳಲ್ಲಿ ದಕ್ಷಿಣ ಆಫ್ರಿಕಾದ ಮೇಲೆ ಬಂದ ಮೊದಲ ಟ್ರೈ ಅದು. 12–11. ಅದರ ಜೊತೆಗೆ ಸಿಗುವ ಎರಡು ಅಂಕದ ಒದೆತವನ್ನು ರಿಚಿ ಮೊಉಂಗಾ ತಪ್ಪಿಸಿದ. ಕೊನೆಯ ಏಳು ನಿಮಿಷ ಇರುವಾಗ ಚೆಸ್ಲಿನ್ ಕೋಲ್ಬೆ ಬೇಕೆಂದೇ ಚೆಂಡನ್ನು ಕೈಯಿಂದ ತಟ್ಟಿ ಹಳದಿ ತಿಂದ. ಅದರಿಂದ ಸಿಕ್ಕ ದೂರದ ಪೆನಾಲ್ಟಿಯನ್ನು ಜೋರ್ಡಿ ಬ್ಯಾರೆಟ್ ಹೊರಗೆ ಒದ್ದ. ಕೋಲ್ಬೆ ಕುರ್ಚಿಯಲ್ಲಿ ಕೂತು ಅಂಗಿಯಲ್ಲಿ ಮುಖ ಮುಚ್ಚಿಕೊಂಡ, ನೋಡಲು ಧೈರ್ಯ ಇಲ್ಲದೆ. ಅತ್ತೆಗೆ ಇಡೀ ಮ್ಯಾಚಿನಲ್ಲಿ ಇಷ್ಟ ಆದ ಮನುಷ್ಯ ಅವನೊಬ್ಬನೇ. ದಕ್ಷಿಣ ಆಫ್ರಿಕಾ ನಾಲ್ಕನೇ ಸಲ ಕಪ್ ಎತ್ತಿತು. ಕ್ವಾರ್ಟರ್ ಫೈನಲ್ ಫ್ರಾನ್ಸ್ ಮೇಲೆ 29–28, ಸೆಮಿ ಇಂಗ್ಲೆಂಡ್ ಮೇಲೆ 16–15, ಫೈನಲ್ 12–11. ಮೂರೂ ಒಂದೊಂದೇ ಅಂಕ. ಒಂದಂಕದ ಮ್ಯಾಚಿನಲ್ಲಿ ಸೀಟಿ ಹಿಡಿದವರ ಪಾಡು ಏನು ಅಂತ ಅಂಪೈರಿಂಗ್ ಮಾಡಿದವರಿಗೇ ಗೊತ್ತು.

ಈಗ ಅದೇ ತಿಂಗಳ ಇನ್ನೊಂದು ಫೈನಲ್. ಅಕ್ಟೋಬರ್ 7, ಹಾಂಗ್‌ಝೌ ಏಷ್ಯನ್ ಗೇಮ್ಸ್, ಪುರುಷರ ಕಬಡ್ಡಿ, ಭಾರತ ಮತ್ತು ಇರಾನ್. 28–28. ಮುಗಿಯಲು ಒಂದೂವರೆ ನಿಮಿಷವೋ ಏನೋ ಬಾಕಿ. ಪವನ್ ಸೆಹ್ರಾವತ್ ರೈಡಿಗೆ ಹೋದ, ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಅಂಕಣದ ಬದಿಯ ಪಟ್ಟಿಗೆ, ಕಾಲಿಟ್ಟ. ಅವನನ್ನು ಹಿಡಿಯಲು ಇರಾನಿನ ಆಟಗಾರರೂ ಹಿಂದಿನಿಂದ ಲಾಬಿಗೆ ನುಗ್ಗಿದರು. ಹಳೇ ನಿಯಮದ ಪ್ರಕಾರ ಮುಟ್ಟುವಿಕೆ ಆಗದೆ ಲಾಬಿಗೆ ಹೋದವರೆಲ್ಲ ಔಟ್. ಹೊಸ ನಿಯಮದ ಪ್ರಕಾರ ರೈಡರ್ ಲಾಬಿಗೆ ಹೋದ ಕೂಡಲೇ ರೈಡ್ ಮುಗಿಯಿತು, ಅವನೊಬ್ಬನೇ ಔಟ್. ಯಾವ ನಿಯಮದಲ್ಲಿ ಆಡುತ್ತಿದ್ದೇವೆ ಅಂತಲೇ ಅಂಕಣದಲ್ಲಿ ಇತ್ಯರ್ಥ ಆಗಲಿಲ್ಲ. ಒಮ್ಮೆ ಹೀಗೆ ಹೇಳಿದರು, ಮತ್ತೆ ಬದಲಾಯಿಸಿದರು. ಆಟಗಾರರು ಮ್ಯಾಟ್ ಮೇಲೆ ಕೂತರು. ಸುಮಾರು ಒಂದು ಗಂಟೆ ಆಟ ನಿಂತಿತು. ಕೊನೆಗೆ ಭಾರತಕ್ಕೆ ನಾಲ್ಕು, ಇರಾನಿಗೆ ಒಂದು ಅಂಕ. ಆಮೇಲೆ ಇನ್ನೊಂದು ಅಂಕ ಸೇರಿ 33–29ರಲ್ಲಿ ಚಿನ್ನ ಬಂತು. ನಿಮ್ಮ ಪತ್ರಿಕೆ ದೊಡ್ಡ ಫೋಟೊ ಹಾಕಿತು, ನಾವೂ ಸಂತೋಷಪಟ್ಟೆವು. ಆದರೆ ಆ ಒಂದು ಗಂಟೆಯಲ್ಲಿ ಟಿವಿ ಮುಂದೆ ಕೂತ ನಮಗೆ ಏನಾಗುತ್ತಿದೆ ಅಂತ ತಿಳಿಸುವವರು ಯಾರೂ ಇರಲಿಲ್ಲ. ಅಧಿಕಾರಿಗಳ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಆ ಲಾಬಿಯ ಕಥೆ ನನಗೆ ಹೊಸದಲ್ಲ. ನಮ್ಮ ಕಡೆಯ ಒಂದು ಪಂದ್ಯಾಟ, ಊರು ಬೇಡ. ಹುಡುಗಿಯರ ಸೆಮಿಫೈನಲ್. ಮಮತಾ ಪೂಜಾರಿ ಏಷ್ಯನ್ ಗೇಮ್ಸ್ ಚಿನ್ನ ತಂದ ಮೇಲೆ ನಮ್ಮಲ್ಲಿ ಹುಡುಗಿಯರ ಪಂದ್ಯಾಟಕ್ಕೂ ಜನ ಸೇರಲು ಶುರುವಾಗಿತ್ತು. ಊರ ತಂಡದ ರೈಡರ್ ತಪ್ಪಿಸಿಕೊಳ್ಳುವ ಭರದಲ್ಲಿ ಲಾಬಿಗೆ ಕಾಲಿಟ್ಟಳು. ಅದಕ್ಕೆ ಮೊದಲು ಒಬ್ಬರನ್ನೂ ಮುಟ್ಟಿರಲಿಲ್ಲ. ನನ್ನ ಕಣ್ಣೆದುರಿಗೇ, ಎರಡು ಹೆಜ್ಜೆ ದೂರದಲ್ಲಿ ಆದದ್ದು. ಔಟ್ ಕೊಟ್ಟೆ. ಗದ್ದೆಯ ಆಚೆ ಬದಿಯಲ್ಲಿ ನಿಂತವರಿಗೆ ಕಂಡದ್ದು ಇಷ್ಟೇ: ಹುಡುಗಿ ವಾಪಸ್ ಬಂದಿದ್ದಾಳೆ, ಟೀಚರ್ ಔಟ್ ಕೊಟ್ಟಿದ್ದಾರೆ. ಯಾಕೆ ಅಂತ ಹೇಳಿದೆ, ಹತ್ತಿರ ಇದ್ದ ನಾಲ್ಕು ಜನಕ್ಕೆ ಕೇಳಿತು. ಉಳಿದವರಿಗೆ ಹೇಗೆ ಕೇಳಬೇಕು? ಮೈಕ್ ವೀಕ್ಷಕ ವಿವರಣೆಯವರ ಕೈಯಲ್ಲಿತ್ತು. ಅವರು ಆ ಹೊತ್ತಿಗೆ ಟ್ರೋಫಿಯ ದಾನಿಗಳಿಗೆ ಕೃತಜ್ಞತೆ ಹೇಳುತ್ತಿದ್ದರು. ಗಲಾಟೆ ಕೇಳಿ ತಿರುಗಿ ನೋಡಿ, "ಏನೋ ಸಣ್ಣ ಗೊಂದಲ ಆದ ಹಾಗೆ ಕಾಣುತ್ತದೆ, ಪ್ರೇಕ್ಷಕರು ಸಹಕರಿಸಬೇಕು" ಅಂದರು. ಗೊಂದಲ ಏನೂ ಇರಲಿಲ್ಲ, ಅವರು ಹೇಳಿದ ಮೇಲೆ ಆಯಿತು. ಜನ ಗೆರೆ ದಾಟಿ ಒಳಗೆ ಬಂದರು. ಸಮಿತಿಯ ಹಿರಿಯರೊಬ್ಬರು ಬಂದು ಮೆಲ್ಲ ಕಿವಿಯಲ್ಲಿ, "ಟೀಚರ್, ಒಂದು ಪಾಯಿಂಟ್ ಅಲ್ವಾ, ಕೊಟ್ಟುಬಿಡಿ, ಊರಿನ ಮಕ್ಕಳು" ಅಂದರು. ಕೊಡಲಿಲ್ಲ. ಆಟ ಮುಂದುವರಿಯಿತು, ಆದರೆ ಮನೆಗೆ ಹೋಗುವಾಗ ಎದುರಾಳಿ ತಂಡದ ವ್ಯಾನಿನಲ್ಲೇ ಕೂತು ಹೋಗಬೇಕಾಯಿತು. ಹೆಂಗಸು ಅಂತ ನನಗೆ ಮಾತಿನ ಬೈಗುಳ ಮಾತ್ರ. ಗಂಡಸರಾದ ಅಂಪೈರ್‌ಗಳು ಪೆಟ್ಟು ತಿಂದದ್ದನ್ನೂ ನೋಡಿದ್ದೇನೆ.

ಹಾಗಾಗಿ ನನ್ನ ಕೋರಿಕೆ ಬಹಳ ಸಣ್ಣದು. ದೀಪಾವಳಿ ಕಳೆದರೆ ನಮ್ಮಲ್ಲಿ ಪಂದ್ಯಾಟಗಳ ಸೀಸನ್. ಉಡುಪಿ ಅಜ್ಜರಕಾಡಿನಿಂದ ಹಿಡಿದು ಮಂಗಳೂರು ನೆಹರೂ ಮೈದಾನದವರೆಗೆ, ನಡುವಿನ ಎಲ್ಲ ಗದ್ದೆಗಳಲ್ಲೂ ಲೈಟ್ ಹತ್ತುತ್ತದೆ. ಮೈಕ್ ಸೆಟ್ ಹೇಗೂ ಇರುತ್ತದೆ. ನಾಲ್ಕು ದಿಕ್ಕಿಗೂ ಸ್ಪೀಕರ್ ಕಟ್ಟಿರುತ್ತಾರೆ. ಎಲ್‌ಇಡಿ ಪರದೆಗೆ ಖರ್ಚು ಮಾಡುತ್ತಾರೆ, ಪಟಾಕಿಗೆ ಮಾಡುತ್ತಾರೆ. ಅದರ ಜೊತೆಗೆ ಅಂಗಿಗೆ ಸಿಕ್ಕಿಸುವ ಒಂದು ಕಾಲರ್ ಮೈಕ್ ಅಂಪೈರ್‌ಗೆ ಕೊಡಿ. ಯಕ್ಷಗಾನದವರು, ನಾಟಕದವರು ಬಳಸುತ್ತಾರಲ್ಲ, ಅಂಥದ್ದೇ. ಇಡೀ ಹೊತ್ತು ಆನ್ ಇರಬೇಕಾಗಿಲ್ಲ. ತಕರಾರು ಬಂದಾಗ ವೀಕ್ಷಕ ವಿವರಣೆಯವರು ಬಾಯಿ ಮುಚ್ಚಬೇಕು, ಅಂಪೈರ್ ಬಟನ್ ಒತ್ತಬೇಕು. "ರೈಡರ್‌ನ ಎಡಗಾಲು ಲಾಬಿಗೆ ಹೋಗಿದೆ, ಅದಕ್ಕೆ ಮೊದಲು ಟಚ್ ಇಲ್ಲ, ರೈಡರ್ ಔಟ್." ಅಷ್ಟೇ. ಎರಡು ಉಸಿರಿನ ಮಾತು.

ಕಂಬಳದವರು ಈ ವಿಷಯದಲ್ಲಿ ನಮಗಿಂತ ಮುಂದೆ ಇದ್ದಾರೆ. ಯಾವ ಜೋಡಿ ಮೊದಲು ಮಂಜೊಟ್ಟಿ (ಓಟ ಮುಗಿಯುವ ತುದಿ) ಮುಟ್ಟಿತು ಅಂತ ಕಣ್ಣಳತೆಯಲ್ಲಿ ಹೇಳಿ ಜಗಳ ಆಗುತ್ತಿದ್ದ ಕಾಲ ಇತ್ತು. ಈಗ ಲೇಸರ್ ಬೀಮ್ ಇಟ್ಟು ಸೆಕೆಂಡಿನ ನೂರನೇ ಭಾಗದ ಲೆಕ್ಕ ಹೇಳುತ್ತಾರೆ. ಕೋಣಗಳಿಗೆ ಮಾಡಿದ್ದನ್ನು ಮಕ್ಕಳಿಗೆ ಮಾಡಲು ಏನು ಕಷ್ಟ?

ಇದನ್ನು ಒಬ್ಬ ಎಳೆಯ ಅಂಪೈರ್ ಹತ್ತಿರ ಹೇಳಿದೆ. ಅವನು ನನ್ನ ಶಿಷ್ಯನೇ. "ಮೇಡಂ, ಮೈಕ್ ಕೊಟ್ಟರೆ ನಾವು ತಪ್ಪು ಹೇಳಿದ್ದೂ ಎಲ್ಲರಿಗೂ ಕೇಳುತ್ತದಲ್ಲ" ಅಂದ. ಕೇಳಲಿ. ನಿಯಮ ಪುಸ್ತಕ ತಿರುಗಿಸದೆ ಸೀಟಿ ಹಿಡಿದು ಬರುವವರೂ ನಮ್ಮಲ್ಲಿ ಇದ್ದಾರೆ, ಸುಳ್ಳು ಯಾಕೆ ಹೇಳಲಿ? ಮೈಕ್ ಇದ್ದರೆ ಅಂಥವರು ಓದಿಕೊಂಡು ಬರುತ್ತಾರೆ, ಇಲ್ಲ ಬರುವುದೇ ಇಲ್ಲ. ಎರಡೂ ಲಾಭವೇ.

ಎರಡನೆಯದು, ಕ್ಯಾಪ್ಟನ್ ಮಾತ್ರ ಮಾತಾಡುವುದು. ಇದು ಕಬಡ್ಡಿಗೆ ಹೊಸದಲ್ಲ. ಹಸಿರು, ಹಳದಿ, ಕೆಂಪು ಕಾರ್ಡ್ ಕಬಡ್ಡಿಯಲ್ಲೂ ಉಂಟು. ಹಳದಿಗೆ ಎರಡು ನಿಮಿಷ ಹೊರಗೆ. ನಮ್ಮ ಪಂದ್ಯಾಟಗಳಲ್ಲಿ ಆ ಕಾರ್ಡ್ ಅಂಪೈರ್ ಕಿಸೆಯಿಂದ ಹೊರಗೆ ಬಂದದ್ದು ಯಾರಾದರೂ ನೋಡಿದ್ದೀರಾ?

ರಗ್ಬಿಯವರೆಲ್ಲ ಸಾಧುಗಳು ಅಂತ ಹೇಳುತ್ತಿಲ್ಲ. ಗೆದ್ದ ದಕ್ಷಿಣ ಆಫ್ರಿಕಾದ ಯಜಮಾನ ರಾಸಿ ಎರಾಸ್ಮಸ್ 2021ರಲ್ಲಿ ಒಬ್ಬ ರೆಫ್ರಿಯ ತಪ್ಪು ಎಣಿಸಿ ಒಂದು ಗಂಟೆಗೂ ಉದ್ದದ ವಿಡಿಯೊ ಮಾಡಿ ನಿಷೇಧ ಹಾಕಿಸಿಕೊಂಡವರು. 2022ರಲ್ಲಿ ಇದೇ ಬಾರ್ನ್ಸ್ ರೆಫ್ರಿ ಆಗಿದ್ದ ಮ್ಯಾಚ್ ಆದ ಮೇಲೆ ಟ್ವೀಟ್ ಹಾಕಿ ಮತ್ತೆ ನಿಷೇಧ. ನ್ಯೂಜಿಲೆಂಡಿನವರಿಗಂತೂ ಬಾರ್ನ್ಸ್ ಮೇಲೆ ಹಳೇ ಕೋಪ. 2007ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸಿನವರು ಚೆಂಡನ್ನು ಮುಂದಕ್ಕೆ ಪಾಸ್ ಮಾಡಿದ್ದು ಅವರಿಗೆ ಕಾಣಲಿಲ್ಲ. ರಗ್ಬಿಯಲ್ಲಿ ಚೆಂಡು ಹಿಂದಕ್ಕೆ ಮಾತ್ರ ಎಸೆಯಬೇಕು. ಅದರಿಂದ ಬಂದ ಟ್ರೈಯಲ್ಲಿ ನ್ಯೂಜಿಲೆಂಡ್ 18–20ಕ್ಕೆ ಸೋತು ಮನೆಗೆ ಹೋಯಿತು. ಆಗ ಬಾರ್ನ್ಸ್‌ಗೆ ಇಪ್ಪತ್ತೆಂಟು ವರ್ಷ. ಜನ ಬೈದದ್ದಕ್ಕೆ ಲೆಕ್ಕವಿಲ್ಲ. ಅಂಥವರು ಮತ್ತೆ ಹದಿನಾರು ವರ್ಷ ಸೀಟಿ ಊದಿ, ಐದು ವಿಶ್ವಕಪ್ ಮಾಡಿ, ತಮ್ಮ 111ನೇ ಟೆಸ್ಟ್ ಆಗಿ ಈ ಫೈನಲ್ ನಡೆಸಿ, ಅದಾದ ಮೇಲೆ ನಿವೃತ್ತಿ ಹೇಳಿದರು. ವೃತ್ತಿಯಲ್ಲಿ ವಕೀಲರು. ಇಂಥವರ ಬಗ್ಗೆ ನಾಲ್ಕು ಸಾಲಿನಲ್ಲಿ ಅರ್ಧ ಸಾಲಾದರೂ ಬರಬೇಕಿತ್ತು.

ರಗ್ಬಿ ನಮಗೆ ಸಂಬಂಧ ಇಲ್ಲದ ಆಟ ಅನ್ನುವವರಿಗೆ ಒಂದು ಮಾತು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ವರ್ಷ ವರ್ಷ ಆಡುವ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯಲ್ಲಿ ಒಂದು ರಗ್ಬಿ ಕ್ಲಬ್ ಮುಚ್ಚುವಾಗ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಮಾಡಿದ್ದು. ಹಿಡಿಕೆಗಳು ನಾಗರ ಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಅದಕ್ಕಾಗಿ ಬಡಿದಾಡುತ್ತಿದ್ದಾರೆ. ನಮ್ಮ ಬೆಳ್ಳಿ ಅವರು ಇಟ್ಟುಕೊಂಡರು, ಅವರ ಮೈಕಿನ ಕ್ರಮ ನಾವು ತಂದುಕೊಂಡರೆ ಏನೂ ತಪ್ಪಿಲ್ಲ.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ಕೋರಿಕೆ. ನಮ್ಮ ಕಡೆಯ ಪಂದ್ಯಾಟದ ವರದಿ ತೆಗೆದು ನೋಡಿ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಮುಖ್ಯ ಅತಿಥಿಗಳು, ಸನ್ಮಾನಿತರು, ಸ್ವಾಗತಿಸಿದವರು, ವಂದಿಸಿದವರು, ನಿರೂಪಿಸಿದವರು ಎಲ್ಲರ ಹೆಸರೂ ಇರುತ್ತದೆ. ಗೆದ್ದ ತಂಡ ಕೊನೆಯ ಸಾಲಿನಲ್ಲಿ. ರಾತ್ರಿಯಿಡೀ ನಿಂತು ಆಟ ನಡೆಸಿದ ಅಂಪೈರ್‌ಗಳ ಹೆಸರು ಎಲ್ಲಿಯೂ ಇಲ್ಲ. ಈ ಪತ್ರ ಬರೆಯುವ ಮೊದಲು ನಮ್ಮ ಹತ್ತಿರದ ಒಂದು ಯುವಕ ಮಂಡಲದವರ ಹತ್ತಿರ ಮೈಕಿನ ವಿಷಯ ಮಾತಾಡಿದ್ದೇನೆ. ಮೊದಲು ನಕ್ಕರು. ಆಮೇಲೆ ಡಿಸೆಂಬರಿನ ಪಂದ್ಯಾಟದ ಸೆಮಿ ಮತ್ತು ಫೈನಲ್‌ಗೆ ಹಾಕಿ ನೋಡುವ ಅಂದಿದ್ದಾರೆ. ಮೈಕ್ ಸೆಟ್ಟಿನವರೂ ಒಪ್ಪಿದ್ದಾರೆ, ವೀಕ್ಷಕ ವಿವರಣೆಯವರು ಇನ್ನೂ ಒಪ್ಪಿಲ್ಲ. ದಿನ ನಿಗದಿ ಆದ ಕೂಡಲೇ ನಿಮ್ಮ ಕಚೇರಿಗೆ ಕರಪತ್ರ ತಲುಪಿಸುತ್ತೇನೆ. ಒಬ್ಬ ವರದಿಗಾರರನ್ನು ಕಳಿಸಿ. ಸಭಾ ಕಾರ್ಯಕ್ರಮಕ್ಕೆ ಬರಬೇಕಾಗಿಲ್ಲ, ರಾತ್ರಿ ಹನ್ನೊಂದರ ಮೇಲೆ ಬಂದರೆ ಸಾಕು.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕಿ, ಕಟಪಾಡಿ, ಉಡುಪಿ ಜಿಲ್ಲೆ
(ದಯವಿಟ್ಟು ಹೆಸರು ಹಾಕಬೇಡಿ. ಇನ್ನೂ ಅಂಪೈರಿಂಗಿಗೆ ಕರೆಯುತ್ತಾರೆ.)